ಕಣ್ಣಿನ ಸುತ್ತ ಸುಕ್ಕು: ಕ್ರೀಮ್ ಕೊಳ್ಳುವ ಮೊದಲು, ಕೊಂಡ ಮೇಲೆ

"ಕಣ್ಣಿನ ಸುತ್ತ ಸುಕ್ಕು ಬಂದಿದೆ, ಯಾವ ಕ್ರೀಮ್ ಹಚ್ಚಲಿ?" ಓದುಗರಿಂದ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ನಾನು ತಿರುಗಿ ಕೇಳುವುದು ಒಂದೇ: ಎಂಥ ಸುಕ್ಕು? ಇದಕ್ಕೆ ಉತ್ತರ ಬರುವುದು ಕಡಿಮೆ. ನಗುವಾಗ ಮಾತ್ರ ಕಾಣುವ ಗೆರೆಗೆ ಒಂದು ಉಪಾಯ. ಸುಮ್ಮನಿದ್ದಾಗಲೂ ಕಾಣುವ ಗೆರೆಗೆ ಇನ್ನೊಂದು. ರೆಪ್ಪೆಯ ಚರ್ಮವೇ ಜೋತುಬಿದ್ದಿದ್ದರೆ ಮತ್ತೊಂದು. ಇದನ್ನು ನೋಡಿಕೊಳ್ಳದೆ ಡಬ್ಬಿ ಮೇಲೆ ಡಬ್ಬಿ ಕೊಳ್ಳುವವರೇ ಜಾಸ್ತಿ. ಹಾಗಾಗಿ ಈ ಲೇಖನದಲ್ಲಿ ಡಬ್ಬಿ ಬರುವುದು ಸ್ವಲ್ಪ ತಡವಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂದ ಸುಕ್ಕನ್ನು ಪೂರ್ತಿ ಅಳಿಸುವ ಕ್ರೀಮ್ ಇಲ್ಲ. ತೆಳು ಗೆರೆಗಳನ್ನು ಇನ್ನಷ್ಟು ತೆಳುವಾಗಿಸಬಹುದು, ಆಳದ ಗೆರೆ ಬೇಗ ಬೇಗ ಬೆಳೆಯದಂತೆ ನೋಡಿಕೊಳ್ಳಬಹುದು. ಅದಕ್ಕೂ ತಿಂಗಳುಗಳು ಬೇಕು. "ಸುಕ್ಕು ಇದ್ದರೆ ಇರಲಿ ಬಿಡಿ" ಅನ್ನುವವರು ಮೂರನೇ ಹಂತ ಮತ್ತು ಕೊನೆಯ ಭಾಗ ಓದಿದರೆ ಸಾಕು. ಅವೆರಡು ಅಂದಕ್ಕಿಂತ ಆರೋಗ್ಯಕ್ಕೆ ಸೇರಿದ್ದು.

ಕಣ್ಣಿನ ಹತ್ತಿರವೇ ಮೊದಲು ಯಾಕೆ?

ಮೈಯಲ್ಲೆಲ್ಲ ಅತಿ ತೆಳುವಾದ ಚರ್ಮ ಇರುವುದು ರೆಪ್ಪೆಯ ಮೇಲೆ. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಎಣ್ಣೆ ಗ್ರಂಥಿಗಳೂ ಇಲ್ಲಿ ಕಡಿಮೆ, ಆದ್ದರಿಂದ ಬೇಗ ಒಣಗುತ್ತದೆ. ಈ ಚರ್ಮದ ಕೆಳಗೆ ಕಣ್ಣನ್ನು ಉಂಗುರದ ಹಾಗೆ ಸುತ್ತಿಕೊಂಡಿರುವ ಒಂದು ಸ್ನಾಯು ಇದೆ. ನಕ್ಕರೂ ಅದಕ್ಕೆ ಕೆಲಸ, ಅತ್ತರೂ ಅದಕ್ಕೆ ಕೆಲಸ. ರೆಪ್ಪೆ ಬಡಿಯುವುದೇ ನಿಮಿಷಕ್ಕೆ 15ರಿಂದ 20 ಸಲ. ಪ್ರತಿ ಸಲ ಮೇಲಿನ ಚರ್ಮ ಅದೇ ಜಾಗದಲ್ಲಿ ನೆರಿಗೆ ಕಟ್ಟುತ್ತದೆ.

ಎಳೆಯ ವಯಸ್ಸಿನಲ್ಲಿ ಆ ನೆರಿಗೆ ತಕ್ಷಣ ಬಿಚ್ಚಿಕೊಳ್ಳುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಅನ್ನುವ ನಾರು, ಎಳೆದು ಬಿಟ್ಟರೆ ವಾಪಸ್ ಬರುವಂತೆ ಮಾಡುವ ಎಲಾಸ್ಟಿನ್ ಅನ್ನುವ ನಾರು, ಎರಡೂ ಚೆನ್ನಾಗಿರುತ್ತವೆ. ವಯಸ್ಸಾದಂತೆ ಇವು ಸವೆಯುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ. 30ರಷ್ಟು ಇಳಿಯುತ್ತದೆ. "ಎರಡೇ ವರ್ಷದಲ್ಲಿ ಹೀಗಾಯ್ತು" ಅಂತ ಆ ವಯಸ್ಸಿನವರು ಹೇಳುವುದು ಸುಮ್ನೆ ಅಲ್ಲ.

ಬೇಕಾಗುವ ಸಾಮಾನು

ಕೈಗನ್ನಡಿ, ಕಿಟಕಿಯ ಬೆಳಕು, ಫೋನಿನ ಕ್ಯಾಮೆರಾ. ಸನ್‌ಸ್ಕ್ರೀನ್, ಸುವಾಸನೆ ಸೇರಿಸದ ಮಾಯಿಶ್ಚರೈಸರ್, ಮುಂದೆ ಒಂದು ರೆಟಿನಾಲ್ ಕ್ರೀಮ್. ಒಳ್ಳೆಯ ತಂಪು ಕನ್ನಡಕ. ಇವುಗಳ ಜೊತೆಗೆ ಆರು ತಿಂಗಳು. ಈ ಕೊನೆಯದನ್ನೇ ಜನ ಕೊಡುವುದಿಲ್ಲ.

ಹಂತ 1: ಗೆರೆ ಯಾವ ಜಾತಿಯದು ನೋಡಿ

ಮುಖ ತೊಳೆದು, ಏನೂ ಹಚ್ಚದೆ, ಹಗಲು ಬೆಳಕಿನಲ್ಲಿ ಕಿಟಕಿಗೆ ಮುಖ ಮಾಡಿ ನಿಲ್ಲಿ. ಮೂರು ಫೋಟೊ ತೆಗೆಯಿರಿ: ಸುಮ್ಮನೆ ನೋಡುವಾಗ, ಬಾಯ್ತುಂಬ ನಗುವಾಗ, ಕಣ್ಣು ಬಿಗಿಯಾಗಿ ಮುಚ್ಚಿದಾಗ. ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಿಗೆ ತೆಗೆದಿರಿ ಅಂತ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ತೆಗೆಯಬೇಕು. ಬೆಳಕು ಬದಲಾದರೆ ಸುಕ್ಕೂ ಬದಲಾದಂತೆ ಕಾಣುತ್ತದೆ. ಜಾಹೀರಾತುಗಳ "ಮೊದಲು, ಆಮೇಲೆ" ಚಿತ್ರಗಳಲ್ಲಿ ಅರ್ಧ ಕೆಲಸ ಬೆಳಕಿನದೇ.

ಈಗ ಪರೀಕ್ಷೆ.

ನಕ್ಕಾಗ ಕಣ್ಣಿನ ಹೊರಮೂಲೆಯಿಂದ ಬೀಸಣಿಗೆಯ ಹಾಗೆ ಹರಡಿ, ನಗು ನಿಂತೊಡನೆ ಮಾಯವಾದರೆ ಅದು ಚಲನೆಯ ಗೆರೆ. ಬರೀ ಸ್ನಾಯುವಿನ ಕೆಲಸ. ವೈದ್ಯರು ಇದನ್ನು ಕ್ರೋಸ್ ಫೀಟ್ ಅನ್ನುತ್ತಾರೆ, ಕಾಗೆಯ ಹೆಜ್ಜೆ ಗುರುತಿನಂತೆ ಕವಲೊಡೆಯುವುದರಿಂದ ಆ ಹೆಸರು. ನಗದಿದ್ದಾಗಲೂ ಉಳಿದರೆ ಅದು ನಿಂತ ಗೆರೆ, ಅಂದರೆ ಚರ್ಮದ ನಾರೇ ಸವೆದಿದೆ.

ಕಣ್ಣಿನ ಕೆಳಗೆ ಹೆಣೆದ ಹಾಗೆ ಸಣ್ಣ ಸಣ್ಣ ಗೆರೆಗಳಿವೆಯೇ? ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ ಕಾಲು ಗಂಟೆ ಬಿಡಿ. ಮುಕ್ಕಾಲು ಪಾಲು ಕಾಣೆಯಾದರೆ ಅದು ಒಣಗಿದ ಚರ್ಮ. ಅಂಥವರಿಗೆ ನಾಲ್ಕನೇ ಹಂತವೇ ಅರ್ಧ ಮದ್ದು.

ಕೆಳರೆಪ್ಪೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಡಿ. ತಟ್ಟನೆ ವಾಪಸ್ ಹೋಗದೆ ನಿಧಾನ ಮಾಡಿದರೆ ಬಿಗಿ ಕಡಿಮೆಯಾಗಿದೆ ಅಂತ ಅರ್ಥ. ಮೇಲ್ರೆಪ್ಪೆಯ ಚರ್ಮ ಮಡಚಿ ಕೂದಲಿನ ಮೇಲೆ ಕೂತಿದ್ದರೆ, ಅಥವಾ ಕಣ್ಣ ಕೆಳಗೆ ಚೀಲದ ಹಾಗೆ ಉಬ್ಬಿದ್ದರೆ, ಅದು ಸುಕ್ಕಿನ ಲೆಕ್ಕಕ್ಕೇ ಬರುವುದಿಲ್ಲ. ಚೀಲ ಹೆಚ್ಚಾಗಿ ಒಳಗಿನ ಕೊಬ್ಬು ಮುಂದಕ್ಕೆ ಬಂದದ್ದು. ಅದನ್ನು ಯಾವ ಕ್ರೀಮೂ ಒಳಕ್ಕೆ ತಳ್ಳಲಾರದು.

ಇನ್ನು ಕಪ್ಪು. ಕೈಗನ್ನಡಿ ಹಿಡಿದು ಮುಖವನ್ನು ಬೆಳಕಿನ ಕಡೆ ಮೇಲಕ್ಕೆತ್ತಿ. ಕಪ್ಪು ಹೋದರೆ ಅದು ಗುಳಿಯ ನೆರಳು, ಬಣ್ಣವಲ್ಲ. ಬಣ್ಣ ತಿಳಿಯಾಗಿಸುವ ಕ್ರೀಮಿನಿಂದ ನೆರಳು ಹೋಗುತ್ತದೆಯೇ?

ಒಬ್ಬರಿಗೆ ಒಂದೇ ಜಾತಿಯ ಗೆರೆ ಇರುವುದು ಅಪರೂಪ. ಎಲ್ಲ ಬೆರೆತಿರುತ್ತವೆ. ಯಾವುದು ಜಾಸ್ತಿ ಅಂತ ತಿಳಿದರೆ ಸಾಕು.

ಹಂತ 2: ಗೆರೆ ಬೆಳೆಸುವ ಅಭ್ಯಾಸ ನಿಲ್ಲಿಸಿ

ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ತಮಾಷೆಯಲ್ಲ. 40 ದಾಟುತ್ತಿದ್ದಂತೆ ಹತ್ತಿರದ ಅಕ್ಷರ ಮಂಜಾಗುತ್ತದೆ, ಇದನ್ನೇ ಚಾಳೀಸು ಅನ್ನುವುದು. ಕನ್ನಡಕ ಹಾಕಿದರೆ ವಯಸ್ಸು ಗೊತ್ತಾಗುತ್ತದೆ ಅಂತ ಎಷ್ಟೋ ಜನ ಕಣ್ಣು ಕಿರಿದು ಮಾಡಿಕೊಂಡೇ ಫೋನ್ ಓದುತ್ತಾರೆ. ವಯಸ್ಸು ಮುಚ್ಚಿಡಲು ಹೋಗಿ ದಿನವಿಡೀ ಸುಕ್ಕು ಹಿಡಿಸಿಕೊಳ್ಳುವುದು ಇದು. ಪರದೆಯ ಅಕ್ಷರ ದೊಡ್ಡದು ಮಾಡಿ, ಕನ್ನಡಕ ಹಾಕಿಕೊಳ್ಳಿ.

ಎರಡನೆಯದು ಕಣ್ಣುಜ್ಜುವುದು. ತೆಳು ಚರ್ಮಕ್ಕಷ್ಟೇ ಅಲ್ಲ, ಕಣ್ಣಿನ ಪಾಪೆಯ ಮುಂದಿನ ಪಾರದರ್ಶಕ ಪರೆಗೂ ಅದು ಕೆಟ್ಟದ್ದು. "ಉಜ್ಜಬೇಡಿ" ಅಂದರೆ ನಿಲ್ಲುವುದಿಲ್ಲ, ಯಾಕೆಂದರೆ ತುರಿಕೆ ಇರುತ್ತದೆ. ಅಲರ್ಜಿಯೋ ಕಣ್ಣು ಒಣಗುವುದೋ ನೋಡಿಸಿ ಔಷಧಿ ತೆಗೆದುಕೊಳ್ಳಿ. ಕಾಡಿಗೆ, ಮಸ್ಕಾರ ತೆಗೆಯುವಾಗಲೂ ಹತ್ತಿಯನ್ನು ಮೇಕಪ್ ತೆಗೆಯುವ ದ್ರವದಲ್ಲಿ ನೆನೆಸಿ ರೆಪ್ಪೆ ಮೇಲೆ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಆಮೇಲೆ ಒರೆಸಿ. ತಿಕ್ಕಬೇಡಿ.

ಸಿಗರೇಟು ಸುಕ್ಕನ್ನು ಬೇಗ ತರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಚರ್ಮಕ್ಕೆ ಹೋಗುವ ರಕ್ತವೂ ಕಡಿಮೆ, ಕೊಲಾಜನ್ ಕೂಡ ಹಾಳು, ಮೇಲೆ ಹೊಗೆಗೆ ಕಣ್ಣು ಮುಚ್ಚಿ ತೆರೆಯುವುದು ಬೇರೆ. ಒಂದೇ ಮಗ್ಗುಲಲ್ಲಿ ಮುಖ ಒತ್ತಿ ಮಲಗುವವರಿಗೆ ಆ ಕಡೆಯ ಗೆರೆ ಆಳವಾಗಬಹುದು. ಆದರೆ ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಕಣ್ಣು ಬಿಗಿದು ಬಿಡುವ "ಮುಖದ ವ್ಯಾಯಾಮ"ದ ಬಗ್ಗೆ ತುಂಬ ಜನ ಕೇಳುತ್ತಾರೆ. ಕಣ್ಣಿನ ಸುತ್ತ ನೆರಿಗೆ ತರುವುದೇ ಆ ಸ್ನಾಯು. ಅದಕ್ಕೆ ಇನ್ನಷ್ಟು ಸಾಧನೆ ಮಾಡಿಸುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಹಂತ 3: ಬಿಸಿಲು

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೇನೆ ಅಂದರೆ ಇದನ್ನು ಪಾಲಿಸಿ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ಕಿರಣಗಳು ನಮ್ಮ ಚರ್ಮ ತಲುಪುತ್ತವೆ. ಯುವಿಬಿ ಚರ್ಮ ಸುಡುತ್ತದೆ, ಹಾಗಾಗಿ ಗೊತ್ತಾಗುತ್ತದೆ. ಯುವಿಎ ಆಳಕ್ಕೆ ಇಳಿದು ಕೊಲಾಜನ್ ಕೆಡಿಸುತ್ತದೆ, ಉರಿಯುವುದಿಲ್ಲ, ಗೊತ್ತೂ ಆಗುವುದಿಲ್ಲ. ಮೋಡ ಇದ್ದರೂ ಬರುತ್ತದೆ, ಸಾಮಾನ್ಯ ಗಾಜಿನ ಮೂಲಕವೂ ಬರುತ್ತದೆ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಲಾರಿ ಚಾಲಕನೊಬ್ಬನ ಫೋಟೊ ಪ್ರಕಟವಾಗಿತ್ತು. 28 ವರ್ಷ ಅಮೆರಿಕದಲ್ಲಿ ಲಾರಿ ಓಡಿಸಿದವನು, ಅಲ್ಲಿ ಚಾಲಕ ಕೂರುವುದು ಎಡಗಡೆ. ಕಿಟಕಿಯ ಕಡೆಗಿದ್ದ ಎಡಗೆನ್ನೆ, ಎಡಗಣ್ಣಿನ ಸುತ್ತ ಆಳವಾದ ಸುಕ್ಕು. ಬಲಗಡೆ ಎಷ್ಟೋ ವರ್ಷ ಚಿಕ್ಕವನಂತೆ. ಒಂದೇ ಮುಖ, ಒಂದೇ ವಯಸ್ಸು.

ಹಾಗಾದರೆ ತಡೆದರೆ ಪ್ರಯೋಜನ ಇದೆಯೇ? ಆಸ್ಟ್ರೇಲಿಯಾದಲ್ಲಿ 55ಕ್ಕಿಂತ ಕಡಿಮೆ ವಯಸ್ಸಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ಕೆಲವರು ದಿನಾ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮಗೆ ತೋಚಿದಾಗ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ದಿನಾ ಹಚ್ಚಿದವರ ಚರ್ಮಕ್ಕೆ ವಯಸ್ಸಾದದ್ದು ಶೇ. 24ರಷ್ಟು ಕಡಿಮೆ. ಅವರು ಅಳೆದದ್ದು ಅಂಗೈ ಹಿಂಭಾಗದ ಚರ್ಮವನ್ನು, ಆದರೆ ಬಿಸಿಲು ಕೈಗೊಂದು ಕಣ್ಣಿಗೊಂದು ಅಂತ ಇಲ್ಲವಲ್ಲ.

ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಲಿ. ಇದು ಯುವಿಬಿ ತಡೆಯುವ ಅಳತೆ. 30 ಇದ್ದರೆ ಸುಮಾರು ಶೇ. 97, 50 ಇದ್ದರೆ ಸುಮಾರು ಶೇ. 98. ವ್ಯತ್ಯಾಸ ಅಷ್ಟೇ, ಹಾಗಾಗಿ ದೊಡ್ಡ ಸಂಖ್ಯೆಗಿಂತ ಹಚ್ಚುವ ಪ್ರಮಾಣ ಮುಖ್ಯ. ಯುವಿಎಗೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಪ್ಲಸ್ ಹೆಚ್ಚಿದ್ದಷ್ಟೂ ಒಳ್ಳೆಯದು.

"ಕಣ್ಣಿಗೆ ಇಳಿದು ಉರಿಯುತ್ತದೆ" ಅಂತ ಎಲ್ಲರೂ ಕಣ್ಣಿನ ಸುತ್ತ ಬಿಟ್ಟು ಉಳಿದ ಕಡೆಗೆಲ್ಲ ಹಚ್ಚುತ್ತಾರೆ. ಬೇಕಾದ ಜಾಗವೇ ಖಾಲಿ! ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಬಗೆ ಸಾಮಾನ್ಯವಾಗಿ ಕಡಿಮೆ ಉರಿ ತರುತ್ತದೆ. ಕಡ್ಡಿಯ ರೂಪದಲ್ಲಿ ಬರುವ ಸನ್‌ಸ್ಕ್ರೀನ್ ಬೆವರಿಗೆ ಬೇಗ ಹರಿಯುವುದಿಲ್ಲ. ಕಣ್ಣಿನ ಗುಳಿಯ ಸುತ್ತ ಕೈಗೆ ಸಿಗುವ ಎಲುಬಿನ ಅಂಚಿದೆಯಲ್ಲ, ಅದರ ಮೇಲೆ ಉಂಗುರ ಬೆರಳಿನಿಂದ ತಟ್ಟಿ ತಟ್ಟಿ ಹಚ್ಚಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಸನ್‌ಸ್ಕ್ರೀನ್ ಮುಟ್ಟದ ರೆಪ್ಪೆಗಳಿಗೆ ಕನ್ನಡಕವೇ ಗತಿ. ಯುವಿ 400 ಅಂತ ಬರೆದಿರಬೇಕು (ಯುವಿಎ, ಯುವಿಬಿ ಎರಡನ್ನೂ ತಡೆಯುತ್ತದೆ ಅಂತ ಅರ್ಥ), ಪಕ್ಕಗಳೂ ಮುಚ್ಚುವಷ್ಟು ಅಗಲ ಇರಬೇಕು. ಬರೀ ಕಪ್ಪು ಗಾಜು ನಂಬಬೇಡಿ. ಗಾಜು ಕಪ್ಪಿದ್ದರೆ ಪಾಪೆ ಹಿಗ್ಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಅಗಲ ಅಂಚಿನ ಟೋಪಿ ಅಥವಾ ಕೊಡೆ ಇದ್ದರೆ ಇನ್ನೂ ಒಳ್ಳೆಯದು.

"ನಮ್ಮದು ಕಪ್ಪು ಚರ್ಮ, ನಮಗೇನಾಗುತ್ತೆ?" ಕಪ್ಪು ಚರ್ಮಕ್ಕೆ ತಕ್ಕಮಟ್ಟಿಗೆ ರಕ್ಷಣೆ ಇದೆ ನಿಜ, ಸುಕ್ಕು ತಡವಾಗಿ ಬರುತ್ತದೆ. ಆದರೆ ಬರುತ್ತದೆ. ಬಣ್ಣ ಕಪ್ಪಾಗುವುದು ಅದಕ್ಕೂ ಮೊದಲೇ ಬರುತ್ತದೆ.

ಹಂತ 4: ತೇವ

ಇದು ಸುಲಭದ ಹಂತ. ಗ್ಲಿಸರಿನ್, ಹಯಲುರಾನಿಕ್ ಆಮ್ಲ ಇವು ನೀರು ಹಿಡಿದಿಡುತ್ತವೆ. ಸೆರಮೈಡ್ ಇದ್ದರೆ ಆ ನೀರು ಆರಿಹೋಗದಂತೆ ಚರ್ಮದ ಗೋಡೆ ಭದ್ರವಾಗುತ್ತದೆ. ಮುಖ ತೊಳೆದು ಚರ್ಮ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಚ್ಚಿ, ದಿನಕ್ಕೆ ಎರಡು ಸಲ.

"ಕಣ್ಣಿಗೆ ಅಂತಲೇ" ಮಾರುವ ಪುಟ್ಟ ಡಬ್ಬಿ ಬೇಕೇ? ಬೇಕಾಗಿಲ್ಲ. ಸುವಾಸನೆ ಇಲ್ಲದ, ಕಣ್ಣುರಿ ತರದ ಮುಖದ ಮಾಯಿಶ್ಚರೈಸರ್ ಸಾಕು. ಎರಡೂ ಡಬ್ಬಿಗಳ ಹಿಂದೆ ಬರೆದ ಪದಾರ್ಥಗಳ ಪಟ್ಟಿ ಹೋಲಿಸಿ ನೋಡಿ, ನಿಮಗೇ ನಗು ಬರುತ್ತದೆ. ತುಂಬ ಜಿಡ್ಡಿನದನ್ನು ದಪ್ಪಗೆ ಮೆತ್ತಿದರೆ ಕೆಲವರಿಗೆ ಕಣ್ಣ ಕೆಳಗೆ ಗಟ್ಟಿಯಾದ ಬಿಳಿ ಕಾಳಿನಂಥ ಗುಳ್ಳೆ ಏಳುತ್ತದೆ. ಹಾಗಾದರೆ ಹಗುರದ ಕ್ರೀಮಿಗೆ ಬದಲಾಯಿಸಿ, ಗುಳ್ಳೆ ಮಾತ್ರ ಉಗುರಿನಿಂದ ಕೀಳಬೇಡಿ.

ಹಂತ 5: ರೆಟಿನಾಯ್ಡ್, ನಿಧಾನವಾಗಿ

ನಿಂತ ಗೆರೆಗಳ ಮೇಲೆ ನಿಜವಾಗಿ ಕೆಲಸ ಮಾಡುತ್ತದೆ ಅಂತ ಸಾಬೀತಾದ ಹಚ್ಚುವ ಔಷಧಿಗಳಲ್ಲಿ ಇದಕ್ಕೆ ಮೊದಲ ಜಾಗ. ರೆಟಿನಾಯ್ಡ್ ಅಂದರೆ ವಿಟಮಿನ್ ಎ ಕುಟುಂಬ. ಇದರಲ್ಲಿ ಬಲಶಾಲಿ ಟ್ರೆಟಿನಾಯಿನ್. ಮೊಡವೆಗೆ ಇದನ್ನು ಕೊಡುತ್ತಿದ್ದಾಗ ಸಣ್ಣ ಸುಕ್ಕುಗಳೂ ಕಡಿಮೆಯಾಗುವುದು ಕಂಡುಬಂತು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ಬಿಸಿಲಿಗೆ ಹಾಳಾದ ಚರ್ಮದ ಮೇಲೆ ಇದರ ಪರಿಣಾಮದ ಬಗ್ಗೆ ಬರೆದರು. ಟ್ರೆಟಿನಾಯಿನ್ ವೈದ್ಯರ ಚೀಟಿಯ ಔಷಧಿ. ಚೀಟಿ ಇಲ್ಲದೆ ಸಿಗುವ ರೆಟಿನಾಲ್ ಅದೇ ಕುಟುಂಬದ ಸೌಮ್ಯ ತಮ್ಮ. ಚರ್ಮದೊಳಗೆ ಹೋಗಿ ಬದಲಾಗಿ ಆಮೇಲೆ ಕೆಲಸ ಮಾಡುತ್ತದೆ, ಹಾಗಾಗಿ ನಿಧಾನ, ಉರಿಯೂ ಕಡಿಮೆ. ಕಣ್ಣಿನ ಸುತ್ತಕ್ಕೆ ಕಡಿಮೆ ಪ್ರಮಾಣದ ರೆಟಿನಾಲ್‌ನಿಂದಲೇ ಶುರುಮಾಡಿ.

ಯಾರು ಹಚ್ಚಬಾರದು? ಗರ್ಭಿಣಿಯರು, ಗರ್ಭಿಣಿಯಾಗುವ ಯೋಚನೆ ಇರುವವರು ಬಿಟ್ಟುಬಿಡಿ. ರೆಪ್ಪೆಯ ಮೇಲೆ ಎಸ್ಜಿಮಾ, ಅಂದರೆ ಚರ್ಮ ಕೆಂಪಾಗಿ ತುರಿಸುವ ರೋಗ, ಇದ್ದವರು, ಕಣ್ಣು ತುಂಬ ಒಣಗುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ವಿಧಾನ ಹೀಗೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ಅಕ್ಕಿಕಾಳಿನಷ್ಟು ರೆಟಿನಾಲ್ ಎರಡೂ ಕಣ್ಣಿಗೆ ಸೇರಿ ಸಾಕು. ಎಲುಬಿನ ಅಂಚಿನ ಮೇಲೆ, ಹೊರಮೂಲೆ ಮತ್ತು ಕೆಳಗೆ ಮಾತ್ರ ಹಚ್ಚಿ. ಮೇಲ್ರೆಪ್ಪೆ ಬೇಡ, ಮೂಗಿನ ಕಡೆಯ ಮೂಲೆ ಬೇಡ. ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ. ಏನೂ ತೊಂದರೆ ಇಲ್ಲದಿದ್ದರೆ ಮುಂದಿನ ತಿಂಗಳು ವಾರಕ್ಕೆ ಮೂರು. ಆಮೇಲೆ ರಾತ್ರಿ ಬಿಟ್ಟು ರಾತ್ರಿ. ಎಷ್ಟೋ ಜನರಿಗೆ ಅಲ್ಲಿಗೇ ನಿಲ್ಲಿಸಿದರೂ ಸಾಕು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಆತುರ. ನಾನೂ ಮೊದಲ ಸಲ ದಿನಾ ಹಚ್ಚಿ, ಐದನೇ ದಿನ ಕಣ್ಣ ಕೆಳಗೆ ಕೆಂಪಾಗಿ ಸಿಪ್ಪೆ ಏಳಿಸಿಕೊಂಡಿದ್ದೆ. ಒಣಗಿದ ಚರ್ಮದಲ್ಲಿ ಸುಕ್ಕು ಇನ್ನೂ ಎದ್ದು ಕಾಣುತ್ತದೆ, ಅಲ್ವಾ? "ಹಚ್ಚಿದ ಮೇಲೆ ಜಾಸ್ತಿ ಆಯ್ತು" ಅಂತ ಬಿಟ್ಟುಬಿಡುವವರೆಲ್ಲ ಹೀಗೆ ಬಿಟ್ಟವರು. ಉರಿ ಬಂದರೆ ಕೆಲವು ದಿನ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿ, ಚರ್ಮ ಸರಿಹೋದ ಮೇಲೆ ವಾರಕ್ಕೆ ಒಂದರಿಂದ ಮತ್ತೆ ಶುರುಮಾಡಿ. ಇನ್ನೊಂದು, ಬೇಗ ಬೇಸರ. ವ್ಯತ್ಯಾಸ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮೊದಲ ಹಂತದ ಫೋಟೊಗಳು ಉಪಯೋಗಕ್ಕೆ ಬರುವುದು ಈಗಲೇ. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದವರು ರಾತ್ರಿ ರೆಟಿನಾಲ್ ಹಚ್ಚುವುದೇ ಬೇಡ.

ಹಂತ 6: ಉಳಿದ ಡಬ್ಬಿಗಳು

ಬೆಳಿಗ್ಗೆ ಸನ್‌ಸ್ಕ್ರೀನ್ ಕೆಳಗೆ ವಿಟಮಿನ್ ಸಿ ಸೀರಂ ಹಚ್ಚಬಹುದು, ಬಿಸಿಲಿನ ಹಾನಿ ತಗ್ಗಿಸಲು ನೆರವಾಗುತ್ತದೆ. ಕಣ್ಣಿನ ಹತ್ತಿರ ಉರಿದರೆ ಬಿಟ್ಟುಬಿಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೆಟ್ಟಿದೆ, ಎಸೆಯಿರಿ. ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕು, ಇರುವ ಕ್ರೀಮುಗಳಿಂದ ಹಾನಿ ಇಲ್ಲ, ರೆಟಿನಾಯ್ಡ್‌ನಷ್ಟು ಆಧಾರವೂ ಇಲ್ಲ. ನಿಂಬೆರಸ, ಅಡುಗೆ ಸೋಡಾ ಕಣ್ಣಿನ ಹತ್ತಿರ ತರಲೇಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಆಗಿ ಕಪ್ಪು ಕಲೆ ಉಳಿಯಬಹುದು.

ದೊಡ್ಡ ಅಪಾಯ ಇರುವುದು ಬೇರೆ ಕಡೆ. "ಬೆಳ್ಳಗಾಗುವ" ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಮೊದಲು ನಯವಾಗಿ ಕಾಣುತ್ತದೆ, ಮುಂದೆ ಚರ್ಮ ಇನ್ನೂ ತೆಳುವಾಗುತ್ತದೆ. ರೆಪ್ಪೆಗೆ ದೀರ್ಘಕಾಲ ಹಚ್ಚಿದರೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರ ಸವೆಯುವ ರೋಗ, ಮತ್ತು ಪೊರೆ ಬರುವ ಅಪಾಯವಿದೆ.

ಹಂತ 7: ಸೂಜಿ, ಲೇಸರ್, ಕತ್ತರಿ

ಇವು ಯಾರಿಗೂ ಕಡ್ಡಾಯವಲ್ಲ. ಬೇಕೆನ್ನಿಸಿದರೆ ಚರ್ಮವೈದ್ಯರು, ಕಣ್ಣಿನ ಪ್ಲಾಸ್ಟಿಕ್ ಸರ್ಜನ್ ಹೀಗೆ ತರಬೇತಿ ಪಡೆದ ವೈದ್ಯರ ಹತ್ತಿರವೇ ಹೋಗಿ. ಬ್ಯೂಟಿ ಪಾರ್ಲರಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಡಿ.

ಚಲನೆಯ ಗೆರೆಗೆ ಬೊಟಾಕ್ಸ್ ಅಂತ ಹೆಸರಾದ ಬೊಟುಲಿನಂ ಟಾಕ್ಸಿನ್. ಸ್ನಾಯುವಿಗೆ ನರದಿಂದ ಬರುವ ಆಜ್ಞೆಯನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಇದು ಮೊದಲು ಮೆಳ್ಳೆಗಣ್ಣಿನ ಔಷಧಿಯಾಗಿತ್ತು. ಅಮೆರಿಕದಲ್ಲಿ ಹುಬ್ಬಿನ ನಡುವಿನ ಗೆರೆಗೆ 2002ರಲ್ಲಿ, ಕಣ್ಣಿನ ಮೂಲೆಯ ಗೆರೆಗೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ದಿನಕ್ಕೆ ಕೆಲಸ ಶುರು, ಎರಡು ವಾರಕ್ಕೆ ಪೂರ್ತಿ, ಮೂರ್ನಾಲ್ಕು ತಿಂಗಳಿಗೆ ಮುಗಿಯಿತು. ಅಂದರೆ ಖರ್ಚು ಒಮ್ಮೆಯದಲ್ಲ. ರೆಪ್ಪೆ ಜೋಲುವುದು, ವಸ್ತು ಎರಡಾಗಿ ಕಾಣುವುದು ಅಪರೂಪಕ್ಕೆ ಆಗುತ್ತದೆ, ದಿನ ಕಳೆದಂತೆ ಹೋಗುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದನ್ನು ಕೊಡುವುದಿಲ್ಲ. ಮಯಸ್ತೇನಿಯಾ ಗ್ರೇವಿಸ್‌ನಂಥ ಸ್ನಾಯು ದುರ್ಬಲವಾಗುವ ರೋಗ ಇದ್ದರೆ ಮುಚ್ಚಿಡದೆ ಹೇಳಿ.

ಗುಳಿ ತುಂಬಲು ಹಯಲುರಾನಿಕ್ ಆಮ್ಲದ ಫಿಲ್ಲರ್ ಇದೆ. ಕಣ್ಣ ಕೆಳಗೆ ಇದು ಬಲು ಸೂಕ್ಷ್ಮ ಕೆಲಸ. ತಪ್ಪಿ ರಕ್ತನಾಳದೊಳಗೆ ಹೋದರೆ, ಬಹಳ ಅಪರೂಪವಾದರೂ, ದೃಷ್ಟಿಯೇ ಹೋಗಬಹುದು. "ರಕ್ತನಾಳ ಕಟ್ಟಿಕೊಂಡರೆ ಕರಗಿಸುವ ಔಷಧಿ ನಿಮ್ಮಲ್ಲಿ ಇದೆಯೇ?" ಅಂತ ಮುಂಚೆಯೇ ಕೇಳಿ. ಹಯಲುರಾನಿಡೇಸ್ ಅಂತ ಅದರ ಹೆಸರು. ತಡವರಿಸಿದರೆ ಎದ್ದು ಬನ್ನಿ.

ನಿಂತ ಗೆರೆಗೆ ಲೇಸರ್ ಇದೆ. ಕಂದು, ಕಪ್ಪು ಚರ್ಮದವರಿಗೆ ಗಾಯ ಮಾಗಿದ ಮೇಲೆ ಕಪ್ಪು ಕಲೆ ಉಳಿಯುವ ಸಾಧ್ಯತೆ ಜಾಸ್ತಿ. ನಿಮ್ಮಂಥ ಬಣ್ಣದವರಿಗೆ ಮಾಡಿದ ಅನುಭವ ಇದೆಯೇ ಕೇಳಿ, ಮೊದಲು ಸಣ್ಣ ಜಾಗದಲ್ಲಿ ಮಾಡಿಸಿ ನೋಡಿ. ಜೋತುಬಿದ್ದ ರೆಪ್ಪೆಗೆ, ಚೀಲಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮೇಲ್ರೆಪ್ಪೆ ದೃಷ್ಟಿಗೆ ಅಡ್ಡ ಬರುತ್ತಿದ್ದರೆ ಅದು ಅಂದದ ವಿಷಯವಾಗಿ ಉಳಿಯುವುದಿಲ್ಲ, ನೇರ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಸುಕ್ಕು ಅಂತ ಸುಮ್ಮನಿರಬಾರದ್ದು

ಕನ್ನಡಿ ಮುಂದೆ ನಿಂತಾಗ ಇವನ್ನೂ ನೋಡಿ. ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಚಪ್ಪಟೆ ಗಂಟು ಇದ್ದರೆ ರಕ್ತದ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಕೆಳರೆಪ್ಪೆಯಲ್ಲಿ ಮುತ್ತಿನ ಹೊಳಪಿನ ಗಂಟು, ವಾರಗಟ್ಟಲೆ ಮಾಯದ ಹುಣ್ಣು, ಒಂದು ಕಡೆ ರೆಪ್ಪೆ ಕೂದಲು ಉದುರಿದ ಜಾಗ ಕಂಡರೆ ಚರ್ಮದ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಒಂದೇ ಕಣ್ಣಿನ ರೆಪ್ಪೆ ದಿನದಲ್ಲೋ ಗಂಟೆಗಳಲ್ಲೋ ಜೋತುಬಿದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ. ಜೊತೆಗೆ ವಸ್ತು ಎರಡಾಗಿ ಕಾಣುವುದು, ಪಾಪೆಗಳ ಗಾತ್ರ ಬೇರೆ ಬೇರೆಯಾಗುವುದು, ಜೋರು ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.